ಕಡತದ ಬಾಗಿಲಿನ ಪಟ್ಟಿ
(ಸಂಘದ ವಾರ್ಷಿಕೋತ್ಸವದಲ್ಲಿ ಮಾಡಿದ ಭಾಷಣ)



ನಮ್ಮ ಸಂಘದ ಹಳೆಯ ನಡವಳಿ ಪುಸ್ತಕಗಳನ್ನೂ ಹಿರಿಯರ ಪತ್ರಗಳನ್ನೂ ಕಂಪ್ಯೂಟರಿಗೆ ಇಳಿಸಿದ ಕಾರ್ಯವನ್ನು ತಾವು ಬಲ್ಲಿರಿ. ಆ ಕಡತಗಳನ್ನು ಯಾರು ಓದಬಹುದು, ಯಾರು ತಿದ್ದಬಹುದು ಎಂಬುದನ್ನು ಪ್ರೋಗ್ರಾಮಿನ ಮೂಲಕ ಗೊತ್ತುಪಡಿಸಹೊರಟು ನಾವು ಎಸಗಿದ ಪ್ರಮಾದವೊಂದನ್ನು ತಮ್ಮ ಮುಂದೆ ನಿವೇದಿಸಬೇಕಾಗಿದೆ. ಈ ಕೆಲಸಕ್ಕೆ ಕೈಹಾಕುವ ತರುಣರು ನಮ್ಮಲ್ಲಿ ಹಲವರಿದ್ದಾರೆ. ಮುಖ್ಯವಾಗಿ ಅವರಿಗಾಗಿ ಈ ಮಾತು.

1993ರಲ್ಲಿ ಹೊರಬಂದ ವಿಂಡೋಸ್ ಎನ್‌ಟಿ ಮೊದಲುಗೊಂಡು ಆ ಪರಂಪರೆಯ ವ್ಯವಸ್ಥೆಗಳಲ್ಲಿ, ಎನ್‌ಟಿಎಫ್‌ಎಸ್ ಡಿಸ್ಕಿನ ಪ್ರತಿಯೊಂದು ಕಡತಕ್ಕೂ ಒಬ್ಬ ಒಡೆಯನಿರುತ್ತಾನೆ. ಎಸಿಎಲ್ ಎಂಬ ಪ್ರವೇಶ ಪಟ್ಟಿಯೂ ಇರುತ್ತದೆ. ಅದರ ಒಂದೊಂದು ಸಾಲು ಇಂಥವರಿಗೆ ಇಂಥ ಹಕ್ಕು ಉಂಟೆಂದೋ ಇಲ್ಲವೆಂದೋ ಸಾರುತ್ತದೆ. ವ್ಯವಸ್ಥೆಯು ಮೇಲಿನಿಂದ ಓದುತ್ತ ಬಂದು, ಕೇಳಿದ ಹಕ್ಕುಗಳೆಲ್ಲ ದೊರೆತೊಡನೆ, ಇಲ್ಲವೆ ಅವುಗಳಲ್ಲೊಂದಕ್ಕೆ ನಿಷೇಧ ಎದುರಾದೊಡನೆ, ನಿಂತುಬಿಡುತ್ತದೆ. ಆದಕಾರಣವೇ ನಿಷೇಧದ ಸಾಲುಗಳು ಮೇಲಿರತಕ್ಕದ್ದೆಂಬ ಸಂಪ್ರದಾಯ.

ಪ್ರೋಗ್ರಾಮಿನಿಂದ ಪಟ್ಟಿಗೆ ಹೊಸ ಹೆಸರನ್ನು ಸೇರಿಸುವ ಕ್ರಮವು ಮೂರು ಹೆಜ್ಜೆಯದು. ಗೆಟ್‌ನೇಮ್ಡ್‌ಸೆಕ್ಯುರಿಟಿಇನ್ಫೋ ಎಂಬುದರಿಂದ ಹಳೆಯ ಪಟ್ಟಿಯನ್ನು ತರಿಸಿಕೊಳ್ಳುವುದು. ಸೆಟ್‌ಎಂಟ್ರೀಸ್‌ಇನ್‌ಎಸಿಎಲ್ ಎಂಬುದಕ್ಕೆ ಆ ಪಟ್ಟಿಯನ್ನೂ ಹೊಸ ಸಾಲನ್ನೂ ಕೊಟ್ಟು ಬೆಸೆಯುವುದು. ಫಲವನ್ನು ಸೆಟ್‌ನೇಮ್ಡ್‌ಸೆಕ್ಯುರಿಟಿಇನ್ಫೋ ಮೂಲಕ ಕಡತಕ್ಕೆ ತೊಡಿಸುವುದು.

ವಾಚಕರ ಗುಂಪೊಂದಕ್ಕೆ ಓದುವ ಹಕ್ಕನ್ನು ಕೊಡಬೇಕೆಂದಷ್ಟೇ ನಮ್ಮ ಉದ್ದೇಶವಿತ್ತು. ಎರಡನೆಯ ಹೆಜ್ಜೆಯಲ್ಲಿ ಹಳೆಯ ಪಟ್ಟಿ ಇರಬೇಕಾದ ಸ್ಥಳದಲ್ಲಿ ನಾವು ನಲ್ ಎಂದು ಬರೆದೆವು. ಹಳೆಯ ಹೆಸರುಗಳು ತಾವಾಗಿ ಉಳಿಯುವುವೆಂದು ಭ್ರಮಿಸಿದ್ದೆವು! ಹುಟ್ಟಿದ್ದು ಒಂದೇ ಸಾಲಿನ ಪಟ್ಟಿ. ಮೇಲಿನ ಫೋಲ್ಡರಿನಿಂದ ಹಕ್ಕು ಇಳಿದುಬರುವುದನ್ನು ಮೊದಲೇ ತಡೆದಿದ್ದೆವಾಗಿ, ಆ ಕಡೆಯ ಆಸರೆಯೂ ಇರಲಿಲ್ಲ. ಒಳಗಿನ ಕಡತಗಳಿಗೂ ಅದೇ ಹರಡಿತು. ಪ್ರೋಗ್ರಾಮು ಮಾತ್ರ ಯಶಸ್ಸನ್ನೇ ಸಾರಿತು. ಮರುದಿನ ಪುಟಗಳನ್ನು ಸರಿಪಡಿಸಲು ಕುಳಿತ ಸ್ವಯಂಸೇವಕರಿಗೆ ಕದ ತೆರೆಯಲಿಲ್ಲ. ಬರೆದ ನಮಗೂ ತೆರೆಯಲಿಲ್ಲ.

ಒಡೆಯನ ವಿಷಯದಲ್ಲಿ ವಿಶೇಷ ನಿರ್ಬಂಧವನ್ನು ಹಾಕಿರದಿದ್ದರೆ, ಪಟ್ಟಿಯಲ್ಲಿ ಹೆಸರಿಲ್ಲದಿದ್ದರೂ ಪಟ್ಟಿಯನ್ನು ತಿದ್ದುವ ಅಧಿಕಾರ ಅವನಿಗೆ ಉಳಿದಿರುತ್ತದೆ. ಆ ಕಡತಗಳನ್ನು ಮೊದಲು ರಚಿಸಿದವರು ನಮ್ಮ ಕಾರ್ಯದರ್ಶಿಗಳಾಗಿದ್ದುದು ದೈವಕೃಪೆ. ಅವರ ಖಾತೆಯಿಂದಲೇ ಹೆಸರುಗಳನ್ನೆಲ್ಲ ನೆನಪಿನಿಂದ ಮತ್ತೆ ಬರೆಸಿದೆವು.

ಅದೇ ನಲ್ಲನ್ನು ಮೂರನೆಯ ಹೆಜ್ಜೆಯಲ್ಲಿ ಬರೆದಿದ್ದರೆ ಅನಾಹುತವು ತದ್ವಿರುದ್ಧವಾಗುತ್ತಿತ್ತು. ಪಟ್ಟಿಯೇ ಇಲ್ಲದ ಕಡತವು ಸರ್ವರಿಗೂ ಸರ್ವಾಧಿಕಾರದಿಂದ ತೆರೆದಿರುತ್ತದೆ. ಪಟ್ಟಿಯಿದ್ದು ಸಾಲೊಂದೂ ಇಲ್ಲದ ಕಡತವು ಯಾರಿಗೂ ತೆರೆಯದು. ಸಮಾರಾಧನೆಗೆ ಕರೆಯೋಲೆಯ ಪಟ್ಟಿಯನ್ನೇ ಮಾಡದಿದ್ದರೆ ಊರೆಲ್ಲ ಪಂಕ್ತಿಗೆ ಕೂರಬಹುದು. ಬರಿದಾದ ಪಟ್ಟಿಯನ್ನು ಹಿಡಿದವನು ಬಾಗಿಲಲ್ಲಿ ನಿಂತರೆ ಎಲೆಯೊಂದೂ ಬೀಳದು. ಕೀಟಲೆಯ ಕೈಗಳು ಹಿರಿಯರ ಪತ್ರಗಳನ್ನು ತಿದ್ದಿದ್ದರೆ ನಮಗೆ ತಿಳಿಯುತ್ತಲೂ ಇರಲಿಲ್ಲ. ಬಾಗಿಲು ಮುಚ್ಚಿದ್ದೇ ಲೇಸಾಯಿತೆಂದು ಈಗ ಅನ್ನಿಸುತ್ತದೆ.

ಲಿನಕ್ಸಿನಲ್ಲಿ ಕಾಲ್‌ಗಳ ಹೆಸರು ಬೇರೆ, ಆದರೆ ತಂದು ಬೆಸೆದು ತೊಡಿಸುವ ಕ್ರಮ ಒಂದೇ. ಅಲ್ಲಿ ಮಾಸ್ಕ್ ಎಂಬ ಮಿತಿಯೊಂದುಂಟು. ಅದು ಸಂಕುಚಿತವಾಗಿದ್ದರೆ ಗುಂಪಿಗೆ ಬರೆದ ಹಕ್ಕೂ ಪೂರ್ತಿ ಸಲ್ಲದು.

ಈಗ ಪ್ರೋಗ್ರಾಮನ್ನು ಓಡಿಸುವ ಮುನ್ನ ಐಕ್ಯಾಕಲ್ಸ್ ಎಂಬ ಉಪಕರಣದಿಂದ ಇರುವ ಪಟ್ಟಿಗಳನ್ನೆಲ್ಲ ಒಂದು ಕಡತಕ್ಕೆ ಉಳಿಸಿಡುತ್ತೇವೆ. ಅದರಿಂದ ಅವನ್ನು ಮರಳಿ ಸ್ಥಾಪಿಸಲೂಬಹುದು. ಅದರ ಪ್ರತಿಯೊಂದನ್ನು ಕಾರ್ಯದರ್ಶಿಗಳ ವಶದಲ್ಲಿಟ್ಟಿದ್ದೇವೆ.