ಕಟ್ಟಿ ಮೇಯಿಸಿದ ಟಗರನ್ನು ಮಾರುವುದು ಯಾವಾಗ?

(ರೈತರ ತರಬೇತಿ ಶಿಬಿರದಲ್ಲಿ ಮಾಡಿದ ಭಾಷಣ)



ನಾನು ಬೇಸಾಯಶಾಸ್ತ್ರದ ಅಧ್ಯಾಪಕ. ಇವರಿಗೇಕೆ ಕುರಿಯ ವಿಷಯ ಎಂದು ನೀವು ಕೇಳಬಹುದು. ಹೊಲದಲ್ಲಿ ಬೆಳೆದ ಮೇವು ಕೊಟ್ಟಿಗೆಯಲ್ಲಿ ಹಣವಾಗದಿದ್ದರೆ ಮೇವು ಬೆಳೆದು ಪ್ರಯೋಜನವಿಲ್ಲ. ಆದ್ದರಿಂದ ಈ ನಾಲ್ಕು ಮಾತು.

ಮಳವಳ್ಳಿ ಕಡೆ ಬಂಡೂರು ಟಗರನ್ನು ಕಟ್ಟಿ ಮೇಯಿಸುವುದು ಹೊಸದಲ್ಲ. ಮೂರು ತಿಂಗಳಿಗೆ ಹಾಲು ಬಿಡಿಸಿದ ಮರಿಗೆ ಹುರುಳಿ ಹೊಟ್ಟು, ಕಡಲೆಕಾಯಿ ಬಳ್ಳಿ, ಅಗಸೆ ಸೊಪ್ಪು, ಜೊತೆಗೆ ಹಿಂಡಿ ಮತ್ತು ಮುಸುಕಿನ ಜೋಳದ ನುಚ್ಚು ಹಾಕಿ ಚೆನ್ನಾಗಿಯೇ ಬೆಳೆಸುತ್ತೀರಿ. ತೊಂದರೆ ಇರುವುದು ಮಾರುವ ದಿನವನ್ನು ಗೊತ್ತುಮಾಡುವುದರಲ್ಲಿ. ಕೈಯಲ್ಲಿ ಕಾಸಿಲ್ಲವೆಂದು ಕೆಲವರು ಬೆಳೆಯುವ ಮರಿಯನ್ನೇ ಮಾರುತ್ತಾರೆ. ಇನ್ನೂ ಕೊಬ್ಬಲಿ ಎಂದು ಕೆಲವರು ತಿಂಗಳುಗಟ್ಟಲೆ ಕಾಯುತ್ತಾರೆ. ಎರಡರಲ್ಲೂ ನಷ್ಟವೇ.

ಎಳೆಯ ಮರಿ ತಿಂದದ್ದು ಮೂಳೆ, ಮಾಂಸವಾಗುತ್ತದೆ. ಮಾಂಸದಲ್ಲಿ ಸುಮಾರು ಮುಕ್ಕಾಲು ಪಾಲು ನೀರು. ಆದ್ದರಿಂದ ಕಡಿಮೆ ಮೇವಿನಲ್ಲಿ ತೂಕ ಏರುತ್ತದೆ. ಬಲಿತ ಮೇಲೆ ತಿಂದದ್ದು ಹೆಚ್ಚಾಗಿ ಕೊಬ್ಬಾಗುತ್ತದೆ. ಕೊಬ್ಬಿನಲ್ಲಿ ನೀರು ಕಡಿಮೆ. ಅಷ್ಟೇ ತೂಕ ಕೂಡಲು ಬಹಳ ಹೆಚ್ಚು ಮೇವು ಬೇಕು.

ಇದನ್ನು ಕಣ್ಣಳತೆಯಿಂದ ತಿಳಿಯಲಾಗದು, ತೂಗಬೇಕು. 15 ದಿನಕ್ಕೊಮ್ಮೆ ಬೆಳಿಗ್ಗೆ, ಮೇವು ನೀರು ಕೊಡುವ ಮುಂಚೆ, ಮರಿಯನ್ನು ಗೋಣಿತಾಟಿನಲ್ಲಿ ಕಟ್ಟಿ ಸ್ಪ್ರಿಂಗ್ ತಕ್ಕಡಿಗೆ ಹಾಕಿ ತೂಕ ಬರೆದಿಡಿ.

ಉದಾಹರಣೆಗೆ, ಮರಿಯ ದಿನದ ಮೇವಿನ ಖರ್ಚು 20 ರೂಪಾಯಿ, ಜೀವತೂಕದ ಬೆಲೆ ಕಿಲೋಗೆ 400 ರೂಪಾಯಿ ಎಂದಿಟ್ಟುಕೊಳ್ಳಿ. 15 ದಿನಕ್ಕೆ ಖರ್ಚು 300 ರೂಪಾಯಿ. ತೂಕ ಒಂದೂವರೆ ಕಿಲೋ ಹೆಚ್ಚಿದರೆ 600 ರೂಪಾಯಿ ಬಂತು, ಮರಿ ಇರಲಿ. ಮುಕ್ಕಾಲು ಕಿಲೋ ಮಾತ್ರ ಹೆಚ್ಚಿದರೆ ಬಂದದ್ದೂ 300, ಹೋದದ್ದೂ 300. ಅದಕ್ಕಿಂತ ಇಳಿದರೆ ನಿಮ್ಮ ಮೇವನ್ನು ಪುಕ್ಕಟೆ ಹಾಕಿದಂತೆ. ಮಾರಬೇಕಾದ ದಿನ ಅದೇ. ಆದರೆ ಜಂತು ಅಥವಾ ಕಾಯಿಲೆಯಿಂದಲೂ ತೂಕ ನಿಲ್ಲಬಹುದು.

ಅದಕ್ಕಾಗಿ ಕೈಯಿಂದಲೂ ಪರೀಕ್ಷಿಸಿ. ಕೊನೆಯ ಪಕ್ಕೆಲುಬಿನ ಹಿಂದೆ, ಸೊಂಟದ ಮೇಲೆ ಅಂಗೈ ಇಟ್ಟು ಒತ್ತಿ ನೋಡಿ. ಬೆನ್ನುಮೂಳೆಯ ಗಂಟುಗಳು ಚೂಪಾಗಿ ತಗುಲಿದರೆ ಮರಿ ಇನ್ನೂ ಬಡಕಲು. ತೂಕ ನಿಂತಿದ್ದರೆ ಪಶುವೈದ್ಯರಿಗೆ ತೋರಿಸಿ. ಸ್ವಲ್ಪ ಒತ್ತಿದಾಗ ಗುಂಡಗೆ, ನುಣ್ಣಗೆ ತಗುಲಿದರೆ ಸಿದ್ಧವಾಗಿದೆ. ಎಷ್ಟು ಒತ್ತಿದರೂ ಮೂಳೆ ಸಿಗದಿದ್ದರೆ ತಡವಾಗಿದೆಯೆಂದೇ ಅರ್ಥ. ದಖನಿ ಕುರಿಯಲ್ಲಿ ಉಣ್ಣೆ ಕಣ್ಣಿಗೆ ಮೋಸ ಮಾಡುತ್ತದೆ, ಕೈಯನ್ನೇ ನಂಬಿ.

ಹೊಸತೊಡಕು, ಮಾರಿಹಬ್ಬ, ಬಕ್ರೀದ್‌ಗೆ ಬೆಲೆ ಏರುತ್ತದೆ, ಕಾಯಬಾರದೇ ಎನ್ನುವಿರಿ. ಕಾಯಿರಿ, ಲೆಕ್ಕ ಹಾಕಿ ಕಾಯಿರಿ. 25 ಕಿಲೋ ಟಗರನ್ನು ತಿಂಗಳು ಇಟ್ಟರೆ ಮೇಲಿನ ದರದಲ್ಲಿ 600 ರೂಪಾಯಿ ಖರ್ಚು. ತೂಕ ಏರದಿದ್ದರೆ, ಕಿಲೋಗೆ 24 ರೂಪಾಯಿಗಿಂತ ಹೆಚ್ಚು ಬೆಲೆ ಬಂದರಷ್ಟೇ ಲಾಭ. ಬಕ್ರೀದ್ ಪ್ರತಿ ವರ್ಷ ಸುಮಾರು 11 ದಿನ ಮುಂಚೆ ಬರುತ್ತದೆ. ಮರಿ ಕೊಳ್ಳುವಾಗಲೇ ಇದನ್ನು ಎಣಿಸಿ.

ಕೊನೆಯದಾಗಿ ಎರಡು ಎಚ್ಚರಿಕೆ. ಮಾರುವ ಮುಂಚೆ ಬೇಗ ಕೊಬ್ಬಿಸಲೆಂದು ಒಮ್ಮೆಗೇ ಕಾಳು ಹೆಚ್ಚಿಸಬೇಡಿ. ಕರುಳುಬೇನೆಗೆ ಮೊದಲು ಬಲಿಯಾಗುವುದು ಚೆನ್ನಾಗಿ ತಿಂದ ಮರಿಯೇ. ಅದರ ಲಸಿಕೆಯನ್ನು ಮೊದಲೇ ಹಾಕಿಸಿ. ಜಂತಿನ ಔಷಧಿಯನ್ನೋ ಬೇರೆ ಔಷಧಿಯನ್ನೋ ಕೊಟ್ಟಿದ್ದರೆ, ಪಶುವೈದ್ಯರು ಹೇಳಿದಷ್ಟು ದಿನ ಕಳೆಯುವವರೆಗೆ ಮಾಂಸಕ್ಕೆ ಮಾರಬಾರದು.

ವ್ಯಾಪಾರಿ ನಿಮ್ಮ ಟಗರಿನ ಸೊಂಟ ಮುಟ್ಟಿ ಬೆಲೆ ಕಟ್ಟುತ್ತಾನೆ. ಅವನಿಗಿಂತ ಮುಂಚೆ ನೀವು ಮುಟ್ಟಿ, ತೂಗಿ, ಬರೆದಿಟ್ಟಿರಬೇಕು. ಆಗ ಬೆಲೆ ಹೇಳುವ ಸರದಿ ನಿಮ್ಮದು.