ಗಾಳಿಗೂ ವಾರವುಂಟೆ?



ಘಟ್ಟದ ಮೇಲೆ ಕುಳಿತು ರಾಯಚೂರಿನ ಧೂಳಿನ ಮಾತೇಕೆ ಎಂದು ತಮ್ಮಲ್ಲಿ ಕೆಲವರಿಗೆ ಅನ್ನಿಸಿರಬಹುದು. ಅದಕ್ಕೆ ಆಮೇಲೆ ಬರುತ್ತೇನೆ. ಮೊದಲು ಒಂದು ಸರಳ ಪ್ರಶ್ನೆ. ದಿನವನ್ನು ಭೂಮಿಯ ತಿರುಗುವಿಕೆ ಕೊಟ್ಟಿತು, ತಿಂಗಳನ್ನು ಚಂದ್ರ ಕೊಟ್ಟ, ವರ್ಷವನ್ನು ಸೂರ್ಯನ ಸುತ್ತಣ ಪ್ರದಕ್ಷಿಣೆ ಕೊಟ್ಟಿತು. ಏಳು ದಿನದ ವಾರವನ್ನು ಯಾರು ಕೊಟ್ಟರು? ಅದನ್ನು ಕಟ್ಟಿಕೊಂಡವರು ನಾವೇ. ಮಳೆಗಾಗಲಿ ಬಿಸಿಲಿಗಾಗಲಿ ಸೋಮವಾರ, ಭಾನುವಾರಗಳ ಅರಿವಿಲ್ಲ. ಹೀಗಿರುವಾಗ ಒಂದು ಊರಿನ ಗಾಳಿಯಲ್ಲಿ ತೇಲುವ ಕಣಗಳು ವರ್ಷಗಟ್ಟಲೆ ನಿರ್ದಿಷ್ಟ ವಾರದಂದೇ ಏರಿ, ನಿರ್ದಿಷ್ಟ ವಾರದಂದೇ ಇಳಿಯುತ್ತಿದ್ದರೆ ಅದು ಮನುಷ್ಯನ ಕೆಲಸದ ಗುರುತು. 'ಬಯಲುಸೀಮೆಯಲ್ಲವೇ, ಧೂಳು ಸಹಜ' ಎಂಬ ಉತ್ತರ ಆಗ ನಿಲ್ಲುವುದಿಲ್ಲ.

2003ರಲ್ಲಿ ಜರ್ಮನಿಯ ವಿಜ್ಞಾನಿಗಳು ಉಪಗ್ರಹದ ಅಳತೆಗಳಿಂದ ನೈಟ್ರೋಜನ್ ಡೈಆಕ್ಸೈಡ್ ಅನಿಲದ ವಾರದ ಏರಿಳಿತವನ್ನು ಪ್ರಕಟಿಸಿದರು. ಅಮೆರಿಕ, ಯೂರೋಪ್, ಜಪಾನುಗಳ ನಗರಗಳಲ್ಲಿ ಅದು ಭಾನುವಾರ ಇಳಿಯುತ್ತಿತ್ತು, ಜೆರುಸಲೇಮಿನಲ್ಲಿ ಶನಿವಾರ. ಚೀನಾದಲ್ಲಿ ಅಂಥ ಲಯವೇ ಕಾಣಲಿಲ್ಲ. ಯಾವ ನಾಡಿನ ಬಿಡುವು ಎಂದೋ ಅಂದು ಅಲ್ಲಿನ ಗಾಳಿಗೂ ಬಿಡುವು. ಬೆಂಗಳೂರಿನ ಗಾಳಿಯ ಕಣಗಳಲ್ಲಿಯೂ ವಾರದ ಆವರ್ತನೆಯಿದೆ ಎಂದು ಭಾರತೀಯ ವಿಜ್ಞಾನ ಸಂಸ್ಥೆಯವರು 2011ರಲ್ಲಿ ವರದಿ ಮಾಡಿದರು.

ಈಗ ರಾಯಚೂರಿಗೆ ಬರೋಣ. ನಗರದ ಸಮೀಪ, ಕೃಷ್ಣೆಯ ದಡದ ಶಕ್ತಿನಗರದಲ್ಲಿ 1985ರಲ್ಲಿ ಮೊದಲ ಘಟಕದೊಡನೆ ಆರಂಭವಾದ ಶಾಖೋತ್ಪನ್ನ ಕೇಂದ್ರವು ಮುಂದೆ ಎಂಟು ಘಟಕಗಳಷ್ಟು ಬೆಳೆಯಿತು. ಯರಮರಸಿನಲ್ಲಿ 800 ಮೆಗಾವಾಟಿನ ಇನ್ನೆರಡು ಘಟಕಗಳು ಬಂದವು. ನಮ್ಮ ದೇಶದ ಕಲ್ಲಿದ್ದಲಿನಲ್ಲಿ ಮೂರನೆಯ ಒಂದು ಪಾಲಿಗಿಂತಲೂ ಹೆಚ್ಚು ಬೂದಿಯಿರುವುದು ಸಾಮಾನ್ಯ. ಬಾಯ್ಲರಿಗೆ ಭಾನುವಾರದ ರಜೆಯಿಲ್ಲ. ಆದರೆ ಹಾರುಬೂದಿ ಸಾಗಿಸುವ ಲಾರಿ, ಹತ್ತಿ ಜಿನ್ನಿಂಗ್ ಮಿಲ್ಲು, ಅಕ್ಕಿ ಗಿರಣಿ, ಮಾರುಕಟ್ಟೆಯ ಹಮಾಲಿ ಇವೆಲ್ಲಕ್ಕೂ ಅವುಗಳದೇ ಬಿಡುವಿದೆ. ಆದ್ದರಿಂದ ನಗರದಲ್ಲಿ ಎಂದೂ ಇಳಿಯದ ಒಂದು ತಳಮಟ್ಟವೂ ಅದರ ಮೇಲೆ ವಾರದ ಅಲೆಯೂ ಇರಬೇಕು.

ಮಾನ್ವಿಯ ಲೆಕ್ಕ ಬೇರೆ. ಅಲ್ಲಿ ತುಂಗಭದ್ರಾ ಎಡದಂಡೆ ಕಾಲುವೆಯದೇ ಪಂಚಾಂಗ. ಯಂತ್ರದಿಂದ ಭತ್ತ ಕೊಯ್ದ ಮೇಲೆ ಗದ್ದೆಯಲ್ಲಿ ಉಳಿದ ಹುಲ್ಲಿಗೆ ಕೆಲವರು ಬೆಂಕಿಯಿಡುತ್ತಾರೆ. ಮುಂದಿನ ಬೆಳೆಗೆ ಸಮಯವಿಲ್ಲ, ಆಳು ಸಿಗುವುದಿಲ್ಲ. ಹುಲ್ಲಿನೊಡನೆ ಸಾರಜನಕವೂ ಸುಟ್ಟುಹೋಗುತ್ತದೆ ಎಂದು ನಾನು ಬೋಧಿಸಬಲ್ಲೆ, ಆದರೆ ಅವರಿಗೆ ಇನ್ನೊಂದು ದಾರಿ ತೋರಿಸದೆ ಬೈಯುವ ಅಧಿಕಾರ ನನಗಿಲ್ಲ. ಈ ಹೊಗೆ ಸುಗ್ಗಿಯದು, ವಾರದ್ದಲ್ಲ. ನಾರಾಯಣಪುರ ಬಲದಂಡೆಯ ನೀರುಣ್ಣುವ ದೇವದುರ್ಗದ ಹಳ್ಳಿದಾರಿಗಳಲ್ಲಿ ನಾನು ಭಾನುವಾರದ ಇಳಿತಕ್ಕಿಂತ ಸಂತೆಯ ದಿನದ ಏರಿಕೆಯನ್ನೇ ಹುಡುಕಿಯೇನು.

ಇದನ್ನು ಅಳೆಯುವಾಗ ಎಚ್ಚರ ಬೇಕು. ದಪ್ಪ ಧೂಳು ಕೆಲವು ಗಂಟೆಗಳಲ್ಲಿ ನೆಲಕ್ಕಿಳಿಯುತ್ತದೆ. ಎರಡೂವರೆ ಮೈಕ್ರಾನಿಗಿಂತ ಸಣ್ಣದಾದುದು, ಶ್ವಾಸಕೋಶದ ಆಳಕ್ಕೆ ಹೋಗುವಂಥದು, ಹಲವು ದಿನ ತೇಲುತ್ತದೆ. ಭಾನುವಾರದ ಬಿಡುವು ಅದರಲ್ಲಿ ಸೋಮವಾರ ಕಾಣಿಸಬಹುದು. ಒಂದು ಮಳೆ ಬಂದರೆ ಇಡೀ ವಾರದ ಲೆಕ್ಕ ತೊಳೆದುಹೋಗುತ್ತದೆ. ಆದುದರಿಂದ ಒಂದೆರಡು ವಾರದ ಅಂಕಿಗಳನ್ನು ನೆಚ್ಚಬಾರದು. ವರ್ಷದ 52 ಭಾನುವಾರಗಳನ್ನು ಒಟ್ಟುಗೂಡಿಸಿ, ಮಳೆಗಾಲವನ್ನು ಬೇರೆಯಿರಿಸಿ ಸರಾಸರಿ ನೋಡಬೇಕು. ವಿದ್ಯಾರ್ಥಿಗಳಿಗೆ ಒಂದು ಉಪಾಯ ಹೇಳುತ್ತೇನೆ: ಅದೇ ಅಂಕಿಗಳನ್ನು ಆರು ದಿನದ, ಎಂಟು ದಿನದ ಸುಳ್ಳು ವಾರಗಳಾಗಿಯೂ ಜೋಡಿಸಿ ನೋಡಿ. ಅಲ್ಲಿಯೂ ಅಷ್ಟೇ ದೊಡ್ಡ ಅಲೆ ಕಂಡರೆ ನಿಮ್ಮ ಏಳು ದಿನದ ಅಲೆ ಬರಿಯ ಆಕಸ್ಮಿಕ.

ಇನ್ನು ಮೊದಲಿನ ಪ್ರಶ್ನೆ. ನಮ್ಮ ಶರಾವತಿಯಲ್ಲಿ ನೀರು ತುಂಬಿ ವಿದ್ಯುತ್ ಬೇಡಿಕೆ ತಗ್ಗಿದ ಮಳೆಗಾಲದಲ್ಲಿ ರಾಯಚೂರಿನ ಘಟಕಗಳನ್ನು ಒಂದೊಂದಾಗಿ ನಿಲ್ಲಿಸುವುದುಂಟು. ಬೇಸಿಗೆಯಲ್ಲಿ ಲಿಂಗನಮಕ್ಕಿ ಬತ್ತುತ್ತಾ ಬಂದಂತೆ ಅಲ್ಲಿಯ ಕಲ್ಲಿದ್ದಲು ಹೆಚ್ಚು ಉರಿಯುತ್ತದೆ. ನದಿಗೆ ಕಟ್ಟಿದ ಅಣೆಕಟ್ಟಿನಲ್ಲಿ ಕಾಡು ಮುಳುಗಿದ್ದನ್ನು ನಾವು ಮರೆತಿಲ್ಲ, ಮರೆಯಬೇಕಾಗಿಯೂ ಇಲ್ಲ. ಆದರೆ ಏಪ್ರಿಲ್ ತಿಂಗಳ ರಾತ್ರಿ ಈ ಊರಿನ ಪಂಪು ತಿರುಗುವಾಗ ಅದರ ಬೂದಿಯಲ್ಲೊಂದು ಪಾಲು ಶಕ್ತಿನಗರದ ಅಂಗಳಗಳಲ್ಲಿ ಬೀಳುತ್ತದೆ. ಅಲ್ಲಿಯ ತಾಯಂದಿರು ಒಣಹಾಕಿದ ಬಟ್ಟೆ ಕೊಡವುತ್ತಾರೆ. ನಾವು ಅದನ್ನು ಕಾಣುವುದಿಲ್ಲ.

ಯಂತ್ರವಿಲ್ಲವೆಂದು ಸುಮ್ಮನಿರಬೇಕಿಲ್ಲ. ಗಾಜಿನ ಪಟ್ಟಿಗೆ ತೆಳುವಾಗಿ ವ್ಯಾಸಲೀನ್ ಸವರಿ, ರಸ್ತೆಯ ಬದಿಯಲ್ಲಿ ಒಂದೇ ಎತ್ತರಕ್ಕೆ 24 ಗಂಟೆ ಇರಿಸಿ, ದಿನವೂ ಬದಲಾಯಿಸಿ, ಸೂಕ್ಷ್ಮದರ್ಶಕದ ಕೆಳಗೆ ಎಣಿಸಿದರಾಯಿತು. ಇದರಲ್ಲಿ ಸಿಗುವುದು ದಪ್ಪ ಕಣ ಮಾತ್ರ, ಅತಿಸೂಕ್ಷ್ಮವಾದುದಲ್ಲ. ಆದರೂ ಸಂತೆಯ ದಿನ ಯಾವುದೆಂದು ಪಟ್ಟಿಯೇ ಹೇಳಬಹುದು. ಮೂವತ್ತು ಪಟ್ಟಿಗಳನ್ನು ತಂದಿದ್ದೇನೆ. ಬೇಕಾದವರು ಚಹಾದ ಹೊತ್ತಿಗೆ ಬಂದು ಪಡೆಯಿರಿ. ಯಾವ ವಾರದಂದು ಇಟ್ಟಿರೆಂದು ಬರೆದಿಡಲು ಮರೆಯದಿರಿ.