ಕತ್ತಲಾದ ಪರದೆ, ಕೆಡದ ಯಂತ್ರ



ಕೆರೆಬಿಳಚಿಯಲ್ಲಿ ನಿಂತು ಯಾವ ವಿಷಯ ಮಾತನಾಡಹೊರಟರೂ ಸೂಳೆಕೆರೆಯನ್ನು ಬಿಟ್ಟು ಮಾತು ಆರಂಭಿಸಲಾಗದು. ಶಾಂತಿಸಾಗರವೆಂದೂ ಕರೆಯಲ್ಪಡುವ ಈ ಕೆರೆ ಶತಮಾನಗಳಿಂದ ಚನ್ನಗಿರಿ ಸೀಮೆಗೆ ನೀರುಣಿಸುತ್ತ ಬಂದಿದೆ. ಅದರ ಎರಡು ತೂಬುಗಳಿಗೆ ಸಿದ್ಧ, ಬಸವ ಎಂದು ಮನುಷ್ಯರ ಹೆಸರುಗಳೇ ಇವೆ. ಕೆರೆಯ ಕೆಳಗಿನ ಕಟ್ಟಕಡೆಯ ಗದ್ದೆಗೆ ಒಂದು ದಿನ ನೀರು ಬರಲಿಲ್ಲವೆನ್ನಿ. ಕೆರೆಯೇ ಬತ್ತಿಹೋಯಿತೆಂದು ಯಾವ ರೈತನೂ ಗದ್ದೆ ಮಾರಲು ಹೊರಡುವುದಿಲ್ಲ. ಏರಿಯ ಮೇಲೆ ನಿಂತು ನೀರಿನ ಮಟ್ಟ ನೋಡುತ್ತಾನೆ; ತೂಬು ತೆರೆದಿದೆಯೇ ಎಂದು ವಿಚಾರಿಸುತ್ತಾನೆ; ಅನಂತರ ಗುದ್ದಲಿ ಹಿಡಿದು ಕಾಲುವೆಯ ಗುಂಟ ನಡೆಯುತ್ತಾನೆ. ಎಲ್ಲೋ ಒಂದೆಡೆ ಹೂಳು ತುಂಬಿರುತ್ತದೆ, ಇಲ್ಲವೇ ಬದು ಒಡೆದಿರುತ್ತದೆ. ನೀರು ಎಲ್ಲಿಯವರೆಗೆ ಬಂದಿದೆ, ಎಲ್ಲಿಂದಾಚೆಗೆ ಬಂದಿಲ್ಲ ಎಂಬುದನ್ನು ಕಂಡುಕೊಂಡರೆ ಕೆಲಸ ಅರ್ಧ ಮುಗಿದಂತೆ. ನೀರುಗಂಟಿಯ ವಿದ್ಯೆ ಎಂದರೆ ಇದೇ.

ಇಂದಿನ ಮಾತಿನ ವಿಷಯ ಹಳೆಯ ಲ್ಯಾಪ್‌ಟಾಪಿನ ಕೆಟ್ಟ ಪರದೆ. ಪರಿಸರದ ಕೆಲಸಕ್ಕೂ ಕಂಪ್ಯೂಟರ್ ದುರಸ್ತಿಗೂ ಏನು ನಂಟು ಎಂಬ ಪ್ರಶ್ನೆ ಸಹಜ. ಕಾಲುವೆಯ ಬಗ್ಗೆ ಇಷ್ಟು ತಾಳ್ಮೆ ತೋರುವ ಹಳ್ಳಿಯೇ ಯಂತ್ರದ ವಿಷಯದಲ್ಲಿ ಆ ತಾಳ್ಮೆಯನ್ನು ಮರೆಯುತ್ತದೆ. ಪರದೆ ಕತ್ತಲಾದೊಡನೆ ಕಂಪ್ಯೂಟರೇ ಸತ್ತಿತೆಂದು ತೀರ್ಮಾನವಾಗಿ, ಅದು ಅಟ್ಟಕ್ಕೋ ಗುಜರಿಗೋ ಸೇರುತ್ತದೆ. ಅದರ ಜೊತೆಗೆ ಒಳಗಿದ್ದ ಮಾಹಿತಿಯೂ ಹೋಗುತ್ತದೆ. ಕೆರೆಯ ಹಕ್ಕಿಗಳ ಪಟ್ಟಿ, ಮಳೆಯ ಲೆಕ್ಕ, ಗ್ರಾಮದ ಜೀವವೈವಿಧ್ಯದ ಟಿಪ್ಪಣಿ, ಊರಿನ ಹಿರಿಯರ ಮಾತಿನ ಧ್ವನಿಮುದ್ರಣ ಮುಂತಾದವು ಮತ್ತೆ ಸಿಗುವಂಥವಲ್ಲ. ಪರದೆ ಆರಿದರೂ ಹಾರ್ಡ್ ಡಿಸ್ಕಿನಲ್ಲಿ ಇವೆಲ್ಲವೂ ಸುರಕ್ಷಿತವಾಗಿ ಉಳಿದಿರುವ ಸಾಧ್ಯತೆಯೇ ಹೆಚ್ಚು.

ಪರದೆಗೂ ಎರಡು ತೂಬು

ಲ್ಯಾಪ್‌ಟಾಪಿನ ಎಲ್.ಸಿ.ಡಿ. ಪರದೆಗೆ ಸ್ವಂತ ಬೆಳಕಿಲ್ಲ. ಅದು ಲಕ್ಷಾಂತರ ಪುಟ್ಟ ಕಿಟಕಿಗಳ ಒಂದು ಗೋಡೆ. ವಿದ್ಯುತ್ತಿನ ಆಜ್ಞೆಯಂತೆ ಒಂದೊಂದು ಕಿಟಕಿಯೂ ಬೆಳಕನ್ನು ಬಿಡುತ್ತದೆ ಅಥವಾ ತಡೆಯುತ್ತದೆ. ಬೆಳಕು ಬರುವುದು ಹಿಂದಿರುವ ದೀಪದಿಂದ. ಆದ್ದರಿಂದ ಪರದೆಗೆ ಎರಡು ಕಾಲುವೆಗಳು ಬೇಕು. ಚಿತ್ರದ ಕಾಲುವೆ ಮದರ್‌ಬೋರ್ಡಿನಿಂದ ಹೊರಟು ಮುಚ್ಚಳದ ಕೀಲಿನ ಬಳಿ ಹಾದು, ತೆಳ್ಳನೆಯ ಕೇಬಲ್ ಮೂಲಕ ಪರದೆಗೆ ತಲಪುತ್ತದೆ. ಬೆಳಕಿನ ಕಾಲುವೆ ಇನ್ವರ್ಟರ್ ಎಂಬ ಸಣ್ಣ ಫಲಕಕ್ಕೆ ಹೋಗುತ್ತದೆ. ಆ ಫಲಕ ಕಡಿಮೆ ವೋಲ್ಟಿನ ನೇರ ವಿದ್ಯುತ್ತನ್ನು ನೂರಾರು ವೋಲ್ಟುಗಳ ಪರ್ಯಾಯ ವಿದ್ಯುತ್ತನ್ನಾಗಿ ಮಾಡಿ, ಪರದೆಯ ಅಂಚಿನಲ್ಲಿರುವ ಕಡ್ಡಿಯಷ್ಟು ಸಣ್ಣ ಟ್ಯೂಬ್‌ಲೈಟನ್ನು ಉರಿಸುತ್ತದೆ. 2000ದ ದಶಕದ ಬಹುತೇಕ ಲ್ಯಾಪ್‌ಟಾಪುಗಳ ರಚನೆ ಇದು. ಆ ದಶಕದ ಕೊನೆಯ ಹೊತ್ತಿಗೆ ಟ್ಯೂಬಿನ ಜಾಗಕ್ಕೆ ಎಲ್.ಇ.ಡಿ. ದೀಪಗಳು ಬಂದವು.

ಸೂಳೆಕೆರೆಯ ಒಂದು ತೂಬು ಮುಚ್ಚಿದರೆ ಇನ್ನೊಂದರ ಕೆಳಗಿನ ಗದ್ದೆ ಒಣಗುವುದಿಲ್ಲ. ಅಂತೆಯೇ ಲ್ಯಾಪ್‌ಟಾಪಿನಲ್ಲಿ ನಿಂತಿರುವುದು ಚಿತ್ರವೋ ಬೆಳಕೋ ಎಂಬುದನ್ನು ಮೊದಲು ಬೇರ್ಪಡಿಸಬೇಕು.

ಕ್ರಮವಾಗಿ ನೋಡುವ ಬಗೆ

ಮೊದಲು ಕಿವಿಗೊಟ್ಟು ಕೇಳಬೇಕು. ಗುಂಡಿ ಒತ್ತಿದಾಗ ಫ್ಯಾನಿನ ಸದ್ದು ಬರುತ್ತದೆಯೇ, ಸಣ್ಣ ಸೂಚಕ ದೀಪಗಳು ಉರಿಯುತ್ತವೆಯೇ, ಆರಂಭದ ಧ್ವನಿ ಕೇಳಿಸುತ್ತದೆಯೇ ಎಂದು ಗಮನಿಸಬೇಕು. ಇವೆಲ್ಲ ಇದ್ದರೆ ಯಂತ್ರ ಬದುಕಿದೆ. ಏನೂ ಇಲ್ಲದಿದ್ದರೆ ದೋಷ ಪರದೆಯದಲ್ಲ. ವಿದ್ಯುತ್ತಿನ ಮೂಲದಲ್ಲಿ ಹುಡುಕಬೇಕು.

ಎರಡನೆಯದು ಬ್ಯಾಟರಿ ಟಾರ್ಚಿನ ಪರೀಕ್ಷೆ. ಕೋಣೆಯನ್ನು ಕತ್ತಲಾಗಿಸಿ, ಪರದೆಯ ಮೇಲೆ ಓರೆಯಾಗಿ ಟಾರ್ಚಿನ ಬೆಳಕು ಬಿಟ್ಟು ಹತ್ತಿರದಿಂದ ನೋಡಬೇಕು. ಅಕ್ಷರಗಳೋ ಚಿತ್ರಗಳೋ ಮಸುಕಾಗಿ ಕಂಡರೆ ಚಿತ್ರದ ಕಾಲುವೆ ಸರಿಯಾಗಿದೆ, ಬೆಳಕಿನದು ಮಾತ್ರ ನಿಂತಿದೆ ಎಂದರ್ಥ. ಯಾವ ಖರ್ಚೂ ಇಲ್ಲದ ಈ ಪರೀಕ್ಷೆಯನ್ನು ಮಾಡದೆ ಎಸೆದ ಯಂತ್ರ ತನಿಖೆಯಿಲ್ಲದೆ ಶಿಕ್ಷೆಗೊಳಗಾದಂತೆ.

ಮೂರನೆಯದಾಗಿ, ಲ್ಯಾಪ್‌ಟಾಪಿನ ಪಕ್ಕದಲ್ಲೋ ಹಿಂದೆಯೋ ಇರುವ ಕಿಂಡಿಗೆ ಶಾಲೆಯ ಹಳೆಯ ಮಾನಿಟರನ್ನು ಜೋಡಿಸಬೇಕು. ಕೆಲವು ಯಂತ್ರಗಳಲ್ಲಿ ಚಿತ್ರವನ್ನು ಹೊರಗಿನ ಮಾನಿಟರಿಗೆ ಕಳುಹಿಸಲು ಕೀಲಿಮಣೆಯ ಎರಡು ಕೀಲಿಗಳನ್ನು ಒಟ್ಟಿಗೆ ಒತ್ತಬೇಕಾಗುತ್ತದೆ. ಅಲ್ಲಿ ಚಿತ್ರ ಬಂದರೆ ಮದರ್‌ಬೋರ್ಡ್ ಕ್ಷೇಮವಾಗಿದೆ. ಆ ಕ್ಷಣದಲ್ಲಿ ಮಾಡಬೇಕಾದ ಮೊದಲ ಕೆಲಸ ದುರಸ್ತಿಯಲ್ಲ. ಒಳಗಿರುವ ಕಡತಗಳನ್ನೆಲ್ಲ ಇನ್ನೊಂದೆಡೆ ನಕಲು ಮಾಡಿಕೊಳ್ಳುವುದು. ಹೊರಗೂ ಚಿತ್ರ ಬಾರದಿದ್ದರೆ ಚಾರ್ಜರು, ಬ್ಯಾಟರಿ ಎರಡನ್ನೂ ತೆಗೆದು, ಆನ್ ಗುಂಡಿಯನ್ನು ಅರ್ಧ ನಿಮಿಷ ಒತ್ತಿ ಹಿಡಿದು, ಮೆಮೊರಿ ಪಟ್ಟಿಯನ್ನು ಬಿಚ್ಚಿ ಮತ್ತೆ ಭದ್ರವಾಗಿ ಕೂಡಿಸಿ ನೋಡಬೇಕು. ಅದಕ್ಕೂ ಜಗ್ಗದಿದ್ದರೆ ಹಾರ್ಡ್ ಡಿಸ್ಕನ್ನು ಹೊರತೆಗೆದು ಬೇರೆ ಕಂಪ್ಯೂಟರಿಗೆ ಜೋಡಿಸಿ ಮಾಹಿತಿ ಪಡೆಯಬಹುದು.

ನಾಲ್ಕನೆಯದು ಕೀಲಿನ ಪರೀಕ್ಷೆ. ಮುಚ್ಚಳವನ್ನು ನಿಧಾನವಾಗಿ ಹಿಂದೆ ಮುಂದೆ ಆಡಿಸಿದಾಗ ಚಿತ್ರ ಬಂದು ಹೋಗುತ್ತಿದ್ದರೆ, ಸಾವಿರಾರು ಸಲ ಮಡಚಿ ಸವೆದ ಕೇಬಲ್ಲೇ ಕಾರಣವಿರಬೇಕು. ಪರದೆ ಪೂರ್ತಿ ಬೆಳ್ಳಗೆ ಬೆಳಗುತ್ತ ಚಿತ್ರವೇ ಇಲ್ಲದಿದ್ದರೂ ಸಂಶಯ ಹೋಗಬೇಕಾದ್ದು ಮೊದಲು ಈ ಕೇಬಲಿನ ಕಡೆಗೇ. ಮುಚ್ಚಳ ಹಾಕಿದಾಗ ದೀಪವನ್ನು ಆರಿಸುವ ಪುಟ್ಟ ಸ್ವಿಚ್ಚನ್ನೂ ನೋಡಬೇಕು. ಅದರಲ್ಲಿ ಧೂಳು ಕೂತರೆ ಮುಚ್ಚಳ ತೆರೆದಿದ್ದರೂ ಮುಚ್ಚಿದೆಯೆಂದೇ ಯಂತ್ರ ಭಾವಿಸುತ್ತದೆ.

ಐದನೆಯದು ಬಣ್ಣ ಮತ್ತು ಗೆರೆಗಳ ಸಾಕ್ಷ್ಯ. ಆರಂಭಿಸಿದಾಗ ಪರದೆ ಕೆಂಪುಛಾಯೆಯಲ್ಲಿ ಬೆಳಗಿ ನಿಧಾನವಾಗಿ ಬಿಳಿಯಾಗುತ್ತಿದ್ದರೆ ಟ್ಯೂಬಿಗೆ ವಯಸ್ಸಾಗಿದೆ. ಕೆಲವು ಕ್ಷಣ ಬೆಳಗಿ ಆರಿಹೋದರೆ ಇನ್ವರ್ಟರೋ ಟ್ಯೂಬೋ ದುರ್ಬಲವಾಗಿದೆ. ಮೇಲಿನಿಂದ ಕೆಳಗಿನವರೆಗೆ ಒಂದೇ ಜಾಗದಲ್ಲಿ ನಿಂತ ಗೆರೆಗಳು ಸಾಮಾನ್ಯವಾಗಿ ಪರದೆಯದೇ ದೋಷ, ಪರದೆಯನ್ನೇ ಬದಲಿಸಬೇಕಾದೀತು. ಆಗ ಹೊಸದನ್ನು ಹುಡುಕುವ ಮುನ್ನ, ಅದೇ ಮಾದರಿಯ ಇನ್ನೊಂದು ಕೆಟ್ಟ ಯಂತ್ರ ಎಲ್ಲಾದರೂ ಬಿದ್ದಿದೆಯೇ ಎಂದು ವಿಚಾರಿಸುವುದು ಜಾಣತನ. ಎರಡು ಸತ್ತ ಯಂತ್ರಗಳಿಂದ ಬದುಕಿದ ಒಂದು ಯಂತ್ರ ಹುಟ್ಟಬಲ್ಲದು. ಪರದೆಯ ಹಿಂಬದಿಯಲ್ಲಿ ಅಚ್ಚಾಗಿರುವ ಸಂಖ್ಯೆಯನ್ನು ಹೊಂದಿಸಿ ನೋಡುವುದು ಮಾತ್ರ ಅಗತ್ಯ.

ಎಚ್ಚರಿಕೆಯ ಮಾತೂ ಇದೆ. ಮುಚ್ಚಳದ ಚೌಕಟ್ಟು ಬಿಚ್ಚುವ ಮೊದಲು ಚಾರ್ಜರು, ಬ್ಯಾಟರಿ ಎರಡನ್ನೂ ತೆಗೆದಿರಬೇಕು. ಚಾಲೂ ಇರುವ ಇನ್ವರ್ಟರನ್ನು ಮುಟ್ಟಬಾರದು. ಉಬ್ಬಿದ ಬ್ಯಾಟರಿಯನ್ನು ಒತ್ತಬಾರದು, ಚುಚ್ಚಬಾರದು. ವಿದ್ಯಾರ್ಥಿಗಳು ಈ ಕೆಲಸವನ್ನು ಬಲ್ಲವರ ಎದುರಿನಲ್ಲೇ ಕಲಿಯಬೇಕು.

ಮಳೆಗಾಲದ ತೇವ

ಮಲೆನಾಡಿನ ಯಂತ್ರಗಳಿಗೆ ವಿಶೇಷವಾದ ಇನ್ನೊಂದು ಶತ್ರು ತೇವ. ತಿಂಗಳುಗಟ್ಟಲೆ ಮುಚ್ಚಿಟ್ಟ ಲ್ಯಾಪ್‌ಟಾಪಿನ ಜೋಡಣೆಯ ತುದಿಗಳಲ್ಲಿ ಕಿಲುಬು ಹಿಡಿಯುತ್ತದೆ. 1990ರ ದಶಕದ ಕೆಲವು ಯಂತ್ರಗಳನ್ನು ತೆರೆದರೆ ಹುಳಿ ವಿನೆಗರಿನ ವಾಸನೆ ಬರುವುದುಂಟು. ಪರದೆಯ ಮೇಲಿನ ಧ್ರುವಕ ಹಾಳೆಯಲ್ಲಿರುವ ಸೆಲ್ಯುಲೋಸ್ ಅಸಿಟೇಟ್ ಬಿಸಿ ಮತ್ತು ತೇವಕ್ಕೆ ಸಿಕ್ಕು ಕೊಳೆತು, ಅಸಿಟಿಕ್ ಆಮ್ಲವನ್ನು ಬಿಡುವುದೇ ಇದಕ್ಕೆ ಕಾರಣ. ಹಳೆಯ ಸಿನಿಮಾ ರೀಲುಗಳು ಹಾಳಾಗುವುದೂ ಹೀಗೆಯೇ. ಒಮ್ಮೆ ಆರಂಭವಾದ ಈ ಕೊಳೆತವನ್ನು ಹಿಂದಿರುಗಿಸಲಾಗದು; ನಿಧಾನಗೊಳಿಸಬಹುದು ಅಷ್ಟೆ. ಒಲೆಯ ಮೇಲಿನ ಅಟ್ಟವೂ ಸೋರುವ ಮೂಲೆಯೂ ಯಂತ್ರಕ್ಕೆ ತಕ್ಕ ಜಾಗವಲ್ಲ. ಗಾಳಿಯಾಡುವ ಒಣ ಕಪಾಟಿನಲ್ಲಿಟ್ಟು, ಮಳೆಗಾಲದಲ್ಲಿ ವಾರಕ್ಕೊಮ್ಮೆಯಾದರೂ ಒಂದು ಗಂಟೆ ಚಾಲೂ ಮಾಡಿದರೆ ಅದರ ಸ್ವಂತ ಶಾಖವೇ ತೇವವನ್ನು ಓಡಿಸುತ್ತದೆ.

ದೀಪದೊಳಗಿನ ಪಾದರಸ

ಪರದೆಯ ಹಿಂದಿನ ಆ ಸಣ್ಣ ಟ್ಯೂಬಿನಲ್ಲಿ ಪಾದರಸವಿದೆ. ಪ್ರಮಾಣ ಕೆಲವೇ ಮಿಲಿಗ್ರಾಂ. ಒಂದು ಟ್ಯೂಬ್ ಒಡೆದ ಮಾತ್ರಕ್ಕೆ ಸೂಳೆಕೆರೆ ವಿಷವಾಗುವುದಿಲ್ಲ. ಇಲ್ಲದ ಭಯ ಹುಟ್ಟಿಸುವುದು ಪರಿಸರದ ಕೆಲಸವಲ್ಲ. ಆದರೆ ಪಾದರಸ ಕೊಳೆತು ಇಲ್ಲವಾಗುವ ವಸ್ತುವೂ ಅಲ್ಲ. ಕೆರೆಯ ತಳದ ಕೆಸರಿನಲ್ಲಿ ಸೂಕ್ಷ್ಮಜೀವಿಗಳು ಅದನ್ನು ಮೀಥೈಲ್ ಪಾದರಸವಾಗಿ ಮಾರ್ಪಡಿಸುತ್ತವೆ. ಅದು ಸಣ್ಣ ಮೀನಿನಿಂದ ದೊಡ್ಡ ಮೀನಿಗೆ, ಮೀನಿನಿಂದ ಮನುಷ್ಯನಿಗೆ ಸಾಂದ್ರವಾಗುತ್ತ ಏರುತ್ತದೆ. ಜಪಾನಿನ ಮಿನಮಾಟಾ ಎಂಬ ಕರಾವಳಿ ಊರಿನ ಬೆಸ್ತರ ಕುಟುಂಬಗಳು ಇದನ್ನು ತಮ್ಮ ದೇಹದಲ್ಲೇ ಅನುಭವಿಸಿದವು. ಅಲ್ಲಿನ ಕಾಯಿಲೆ ಅಧಿಕೃತವಾಗಿ ಪತ್ತೆಯಾದದ್ದು 1956ರಲ್ಲಿ. ಆ ಊರಿನ ಹೆಸರಿನ ಅಂತರರಾಷ್ಟ್ರೀಯ ಒಪ್ಪಂದಕ್ಕೆ 2013ರಲ್ಲಿ ದೇಶಗಳು ಸಮ್ಮತಿಸಿದವು. ಭಾರತ ಅದನ್ನು 2018ರಲ್ಲಿ ಅನುಮೋದಿಸಿತು.

ಬೆಟ್ಟದ ಜನರಿಗೆ ಇನ್ನೂ ಹತ್ತಿರದ ಪಾಠ ಕೊಡೈಕೆನಾಲಿನದು. ಅಲ್ಲಿನ ಥರ್ಮಾಮೀಟರ್ ಕಾರ್ಖಾನೆಯ ಪಾದರಸ ಮೆತ್ತಿದ ಗಾಜಿನ ಚೂರುಗಳು ಊರಿನ ಗುಜರಿ ಅಂಗಡಿಯಲ್ಲಿ ರಾಶಿ ಬಿದ್ದಿದ್ದುದನ್ನು 2001ರಲ್ಲಿ ಸ್ಥಳೀಯರು ಮತ್ತು ಪರಿಸರ ಸಂಘಟನೆಗಳು ಬಯಲಿಗೆಳೆದವು. ಅದೇ ವರ್ಷ ಕಾರ್ಖಾನೆ ಮುಚ್ಚಿತು. ಮಾಜಿ ಕಾರ್ಮಿಕರ ಪರಿಹಾರದ ವ್ಯಾಜ್ಯ ಒಪ್ಪಂದದಲ್ಲಿ ಮುಗಿಯಲು 2016ರವರೆಗೆ ಕಾಯಬೇಕಾಯಿತು. ವಿಷ ಬೆಟ್ಟದ ಊರಿನೊಳಗೆ ಬಂದದ್ದು ಗುಜರಿಯ ದಾರಿಯಿಂದ ಎಂಬುದನ್ನು ಮರೆಯಬಾರದು.

ಆದ್ದರಿಂದ ಟ್ಯೂಬ್ ಒಡೆದರೆ ಕಿಟಕಿ ತೆರೆದು, ಮಕ್ಕಳನ್ನು ಹೊರಗೆ ಕಳುಹಿಸಬೇಕು. ಪೊರಕೆಯಿಂದ ಗುಡಿಸಬಾರದು. ಗಟ್ಟಿ ಕಾಗದದಿಂದ ಚೂರುಗಳನ್ನು ಒಟ್ಟುಮಾಡಿ, ಒದ್ದೆ ಕಾಗದದಿಂದ ಒರೆಸಿ, ಎಲ್ಲವನ್ನೂ ಬಿಗಿ ಮುಚ್ಚಳದ ಡಬ್ಬಿಯಲ್ಲಿ ತೆಗೆದಿಡಬೇಕು. ತಾಮ್ರದ ಆಸೆಗೆ ವೈರುಗಳನ್ನು ಸುಡುವುದಂತೂ ಕೂಡದು. ಆ ಹೊಗೆಯಲ್ಲಿ ಡಯಾಕ್ಸಿನ್‌ನಂಥ ವಿಷಗಳಿರುತ್ತವೆ.

ಗಣಿಯಿಂದ ಗುಜರಿಯವರೆಗೆ

ಒಂದು ಲ್ಯಾಪ್‌ಟಾಪಿನಲ್ಲಿ ತಾಮ್ರವಿದೆ, ತವರವಿದೆ, ಕಣದಷ್ಟು ಚಿನ್ನವಿದೆ. ಇವೆಲ್ಲ ಯಾವುದೋ ಬೆಟ್ಟವನ್ನು ಅಗೆದು ತಂದವು. ಅಗೆತದ ಬೆಲೆ ಏನೆಂಬುದು ಕನ್ನಡ ನಾಡಿಗೆ ಹೊಸತಲ್ಲ. ಕೋಲಾರದ ಚಿನ್ನದ ಗಣಿ 2001ರಲ್ಲಿ ಮುಚ್ಚಿತು. ಸಯನೈಡ್ ದಿಣ್ಣೆಗಳು ಮಾತ್ರ ಉಳಿದವು. ಕುದುರೆಮುಖದ ಕಬ್ಬಿಣದ ಗಣಿಗಾರಿಕೆ ಸುಪ್ರೀಂ ಕೋರ್ಟಿನ ತೀರ್ಪಿನಂತೆ 2005ರ ಕೊನೆಗೆ ನಿಂತಿತು. ಗಣಿ ಬೇಡವೆಂದು ಘೋಷಣೆ ಕೂಗುವ ಕೈಯೇ ದುರಸ್ತಿಯಾಗಬಲ್ಲ ಯಂತ್ರವನ್ನು ಎಸೆದರೆ, ಇನ್ನೊಂದು ಊರಿನ ಬೆಟ್ಟಕ್ಕೆ ಗುದ್ದಲಿ ಕೊಟ್ಟಂತಾಗುತ್ತದೆ. ವಿಶ್ವಸಂಸ್ಥೆಯ ಅಂಗಸಂಸ್ಥೆಗಳ ವರದಿಯ ಪ್ರಕಾರ 2022ರಲ್ಲಿ ಜಗತ್ತಿನಲ್ಲಿ ಹುಟ್ಟಿದ ವಿದ್ಯುನ್ಮಾನ ತ್ಯಾಜ್ಯ 6.2 ಕೋಟಿ ಟನ್. ಅದರಲ್ಲಿ ಕ್ರಮಬದ್ಧವಾಗಿ ಮರುಬಳಕೆಗೆ ಹೋದದ್ದೆಂದು ದಾಖಲಾದದ್ದು ಶೇ. 22.3 ಮಾತ್ರ.

ಕಾನೂನು ಇಲ್ಲವೆಂದಲ್ಲ. ವಿದ್ಯುನ್ಮಾನ ತ್ಯಾಜ್ಯದ ಮೊದಲ ಪ್ರತ್ಯೇಕ ನಿಯಮಗಳು 2011ರಲ್ಲಿ ಪ್ರಕಟವಾಗಿ 2012ರ ಮೇ ತಿಂಗಳಿಂದ ಜಾರಿಗೆ ಬಂದವು. 2022ರ ಹೊಸ ನಿಯಮಗಳು 2023ರ ಏಪ್ರಿಲ್‌ನಿಂದ ಜಾರಿಯಾದವು. ತಯಾರಕರೇ ಹೊಣೆ ಹೊರಬೇಕೆಂಬುದು ಅವುಗಳ ತಿರುಳು. ಆದರೆ ನಿಯಮ ತ್ಯಾಜ್ಯವಾದ ಮೇಲಿನ ಮಾತು. ತ್ಯಾಜ್ಯವಾಗದಂತೆ ನೋಡಿಕೊಳ್ಳುವುದು ಊರಿನ ಕೈಯಲ್ಲಿದೆ.

ಬೆಂಗಳೂರಿನ ಒಂದು ನೆನಪು

ಹಳ್ಳಿಗಾಗಿಯೇ ಕಂಪ್ಯೂಟರ್ ಮಾಡಬೇಕೆಂಬ ಪ್ರಯತ್ನವೂ ಈ ನಾಡಿನಲ್ಲಿ ನಡೆದಿತ್ತು. ಭಾರತೀಯ ವಿಜ್ಞಾನ ಸಂಸ್ಥೆಯ ಅಧ್ಯಾಪಕರೂ ಬೆಂಗಳೂರಿನ ಎನ್‌ಕೋರ್ ಸಂಸ್ಥೆಯ ತಂತ್ರಜ್ಞರೂ ಸೇರಿ ಸಿಂಪ್ಯೂಟರ್ ಎಂಬ ಅಂಗೈಯಗಲದ ಯಂತ್ರವನ್ನು ರೂಪಿಸಿ 2001ರಲ್ಲಿ ಪ್ರದರ್ಶಿಸಿದರು. 2004ರಲ್ಲಿ ಅದು ಮಾರುಕಟ್ಟೆಗೆ ಬಂತು. ಅಕ್ಷರ ಓದಲಾರದವರಿಗೆ ಬರಹವನ್ನು ಓದಿಹೇಳುವ ತಂತ್ರಾಂಶವೂ ಅದಕ್ಕಾಗಿ ಸಿದ್ಧವಾಗಿ, ಕನ್ನಡದಲ್ಲಿ ಮಾತನಾಡಿತು. ಅದರ ಯಂತ್ರರಚನೆಯನ್ನು ಗುಟ್ಟಾಗಿಡದೆ ಇತರರಿಗೂ ತೆರೆದಿಡುವ ಪರವಾನಗಿಯನ್ನು ರೂಪಿಸಿದ್ದು ಅದರ ಹಿರಿಮೆ. ಸಿಂಪ್ಯೂಟರ್ ಹಳ್ಳಿಹಳ್ಳಿಗೆ ತಲಪಲಿಲ್ಲ. ಆದರೆ ಒಳಗನ್ನು ಬಲ್ಲವನು ಮಾತ್ರ ಯಂತ್ರದ ನಿಜವಾದ ಒಡೆಯ ಎಂಬ ಅದರ ಹಿಂದಿನ ವಿಚಾರ ಹಳತಾಗಿಲ್ಲ. ಕೇಂದ್ರ ಸರಕಾರ 2022ರ ಡಿಸೆಂಬರ್‌ನಲ್ಲಿ ದುರಸ್ತಿಯ ಹಕ್ಕಿಗಾಗಿ ಜಾಲತಾಣವೊಂದನ್ನು ತೆರೆದದ್ದೂ ಅದೇ ದಿಕ್ಕಿನ ಹೆಜ್ಜೆ.

ಮಾಡಬಹುದಾದ ಕೆಲಸ

ಶಾಲೆಯೊಂದರಲ್ಲಿ ಒಂದು ಕಪಾಟು, ಒಂದು ಹಳೆಯ ಮಾನಿಟರು, ಒಂದು ಟಾರ್ಚು, ಸಣ್ಣ ಸ್ಕ್ರೂಡ್ರೈವರುಗಳ ಒಂದು ಪೊಟ್ಟಣ ಇದ್ದರೆ ಇಷ್ಟು ಪರೀಕ್ಷೆಗಳಿಗೆ ಸಾಕು. ಕೆಟ್ಟ ಯಂತ್ರ ಬಂದೊಡನೆ ಒಂದು ಪುಸ್ತಕದಲ್ಲಿ ಅದರ ಮಾದರಿ, ಕಂಡ ದೋಷ, ಮಾಡಿದ ಪರೀಕ್ಷೆ, ನೀರು ಎಲ್ಲಿಯವರೆಗೆ ಬಂದಿತ್ತು ಎಂಬುದನ್ನು ಬರೆದಿಡಬೇಕು. ಪರದೆ ಗುಣವಾಗದಿದ್ದರೂ ಹೊರಗಿನ ಮಾನಿಟರಿಗೆ ಜೋಡಿಸಿದ ಲ್ಯಾಪ್‌ಟಾಪ್ ಗ್ರಂಥಾಲಯದ ಮೇಜಿನ ಮೇಲೆ ಇನ್ನೂ ಕೆಲವು ವರ್ಷ ದುಡಿಯುತ್ತದೆ. ಏನೂ ಆಗದೆಂದು ಖಚಿತವಾದಾಗ ಮಾತ್ರ, ಮಾಹಿತಿಯನ್ನು ಉಳಿಸಿಕೊಂಡು, ಬಿಡಿಭಾಗಗಳನ್ನು ತೆಗೆದಿಟ್ಟು, ಉಳಿದುದನ್ನು ನೋಂದಾಯಿತ ಮರುಬಳಕೆದಾರರಿಗೆ ತಲಪಿಸಬೇಕು, ಕೆರೆಯಂಗಳಕ್ಕಲ್ಲ.

ನೀರುಗಂಟಿ ಎಂಜಿನಿಯರಲ್ಲ. ಆದರೂ ಅವನು ನಡೆದು ನೋಡದೆ ತೀರ್ಪು ಕೊಡುವುದಿಲ್ಲ. ಕತ್ತಲಾದ ಪರದೆಯ ಮುಂದೆ ಕುಳಿತ ವಿದ್ಯಾರ್ಥಿಗೂ ಬೇಕಾದ್ದು ಅಷ್ಟೇ: ಒಂದು ಟಾರ್ಚು, ಒಂದಿಷ್ಟು ತಾಳ್ಮೆ. ಕಾಲುವೆಯ ಹೂಳು ತೆಗೆದು ಕೆರೆಯನ್ನು ಉಳಿಸಿಕೊಂಡು ಬಂದ ಊರಿಗೆ ಇದನ್ನು ಹೊರಗಿನವರು ಬಂದು ಕಲಿಸಬೇಕಾಗಿಲ್ಲ, ನೆನಪಿಸಿದರೆ ಸಾಕು.